ಫೋಟೊದಲ್ಲಿ ಕಾಣದ ದುಡಿಮೆ

ಲಗ್ಗೆರೆಯ ಮನೆಗಳಲ್ಲಿ ಜರ್ಮನಿ, ಜಪಾನ್ ಅಪರಿಚಿತ ಹೆಸರುಗಳಲ್ಲ. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶವಿದೆ. ಅಲ್ಲಿನ ಎಷ್ಟೋ ಕಾರ್ಖಾನೆಗಳಿಗೆ ಯಂತ್ರಗಳು ಬರುವುದು ಆ ದೇಶಗಳಿಂದ. ಯಂತ್ರ ಹಡಗು ಹತ್ತುವ ಮೊದಲು ಅದನ್ನು ಪರೀಕ್ಷಿಸಿ ಒಪ್ಪಿಕೊಳ್ಳಲು, ಅದನ್ನು ನಡೆಸುವ ಬಗೆ ಕಲಿತು ಬರಲು ಇಲ್ಲಿನವರು ಅಲ್ಲಿಗೆ ಹೋಗುತ್ತಾರೆ. ಎರಡು ವಾರ, ಆರು ವಾರ, ಕೆಲವೊಮ್ಮೆ ಮೂರು ತಿಂಗಳು. ಆ ಅವಧಿಯ ಬದುಕಿನಿಂದ ಮನೆಯವರಿಗೆ ದಕ್ಕುವುದು ಒಂದಿಷ್ಟು ಫೋಟೊಗಳು ಮಾತ್ರ.

ಇದೇನೂ ಹೊಸ ಪರಂಪರೆಯಲ್ಲ. 1953ರಲ್ಲಿ ಎಚ್‌ಎಂಟಿ ಸ್ಥಾಪನೆಯಾದದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಲ್ಲಿ. 1961ರಲ್ಲಿ ಅದು ಕೈಗಡಿಯಾರ ತಯಾರಿಕೆಗೆ ಇಳಿದಾಗ ನೆರವಾದದ್ದು ಜಪಾನಿನ ಸಿಟಿಜನ್. ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಆದರೆ ವಿದ್ಯೆ ಕಲಿಯಲು ಕಡಲು ದಾಟುವ ರೂಢಿ ಪಶ್ಚಿಮ ಬೆಂಗಳೂರಿನಲ್ಲಿ ಉಳಿದುಕೊಂಡಿತು.

ನನ್ನ ತಂದೆ ಹಾಗೆ ಹೋದದ್ದು 1994ರಲ್ಲಿ. ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಗಲು ಇನ್ನೂ 14 ವರ್ಷಗಳಿದ್ದವು; ಅವರನ್ನು ಕಳುಹಿಸಿಕೊಟ್ಟದ್ದು ಎಚ್‌ಎಎಲ್ ನಿಲ್ದಾಣದಿಂದ. ಆರು ವಾರಗಳ ನಂತರ ಮರಳಿದಾಗ ಚೀಲದಲ್ಲಿ 36 ಚಿತ್ರಗಳ ಎರಡು ರೀಲುಗಳಿದ್ದವು. ಸ್ಟುಡಿಯೋದಲ್ಲಿ ತೊಳೆಸಿ ಆಲ್ಬಮ್‌ಗೆ ಅಂಟಿಸಿದ ಆ ಚಿತ್ರಗಳನ್ನು ನೆಂಟರಿಷ್ಟರೆಲ್ಲ ನೋಡಿದ್ದಾರೆ. ಕಲೋನ್‌ನ ಇಗರ್ಜಿ, ರೈನ್ ನದಿಯ ದೋಣಿ, ಸಹೋದ್ಯೋಗಿಯಿಂದ ಎರವಲು ಪಡೆದ ಕೋಟಿನಲ್ಲಿ ಮುಗುಳ್ನಗುವ ಅಪ್ಪ. ಎಲ್ಲವೂ ಭಾನುವಾರದ ಚಿತ್ರಗಳೇ. ಆರು ವಾರಗಳಲ್ಲಿ ಭಾನುವಾರಗಳು ಆರು. ಉಳಿದ 36 ದಿನಗಳ ಒಂದು ಚಿತ್ರವೂ ಆಲ್ಬಮ್‌ನಲ್ಲಿಲ್ಲ.

ಇದಕ್ಕೆ ಕಾರಣ ಸರಳ. ಕಾರ್ಖಾನೆಯೊಳಗೆ ಕ್ಯಾಮೆರಾ ಒಯ್ಯುವಂತಿರಲಿಲ್ಲ. ಅಲ್ಲಿ ನಡೆದದ್ದೇನೆಂದು ತಿಳಿಯಬೇಕಾದರೆ ಅವರ ಕಿಸೆಯ ಪುಸ್ತಕವನ್ನು ತೆರೆಯಬೇಕು. ಪುಟದ ತುಂಬ ಅಳತೆಗಳು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅವರು ಒಪ್ಪಬೇಕಾಗಿದ್ದ ಯಂತ್ರದಲ್ಲಿ ಐದು ಮೈಕ್ರಾನ್‌ಗಿಂತ ಹೆಚ್ಚು ವ್ಯತ್ಯಾಸ ಬರುವಂತಿರಲಿಲ್ಲ. ಮಾಲೀಕರು ಸಾಲ ಮಾಡಿ ಕೊಳ್ಳುತ್ತಿದ್ದ ಯಂತ್ರವದು. ತನಗೆ ಅರೆಬರೆ ತಿಳಿದ ಭಾಷೆಯಲ್ಲಿ, ತನಗಿಂತ ಹೆಚ್ಚು ಬಲ್ಲವರ ಎದುರು ನಿಂತು, 'ಇದು ಸರಿಯಿಲ್ಲ, ಇನ್ನೊಮ್ಮೆ ಮಾಡಿ' ಎನ್ನುವ ಧೈರ್ಯ ಅಲ್ಲಿ ಬೇಕಿತ್ತು. ರಾತ್ರಿಯ ಊಟ ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ ಗೊಜ್ಜು. ಇವಾವುವೂ ನೆಂಟರು ಮೆಚ್ಚಿದ ಆಲ್ಬಮ್‌ನಲ್ಲಿ ಇಲ್ಲ.

ಇಂದು ರೀಲಿನ ಮಿತಿ ಹೋಗಿದೆ, ಕಾಯುವಿಕೆಯೂ ಹೋಗಿದೆ. ತೆಗೆದ ಮರುಕ್ಷಣವೇ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಲಗ್ಗೆರೆ ತಲುಪುತ್ತದೆ. ಆದರೆ ಕ್ಯಾಮೆರಾದ ಮೇಲಿನ ನಿಷೇಧ ಎಷ್ಟೋ ಕಾರ್ಖಾನೆ, ಕಚೇರಿಗಳಲ್ಲಿ ಹಾಗೆಯೇ ಉಳಿದಿದೆ. ಹೀಗಾಗಿ ಬರುವುದು ಇಂದಿಗೂ ರಜಾದಿನದ ಚಿತ್ರಗಳೇ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗೆ ಕಾಯುತ್ತಿದ್ದಾಗ ನಮ್ಮ ನೆರೆಯ ಸಾಫ್ಟ್‌ವೇರ್ ಉದ್ಯೋಗಿ ಹೆಣ್ಣುಮಗಳೊಬ್ಬಳು ಕಚೇರಿಯ ಕೆಲಸದ ಮೇಲೆ ನೆದರ್‌ಲೆಂಡ್ಸ್‌ನಲ್ಲಿದ್ದಳು. ಒಂದು ಭಾನುವಾರ ಕ್ಯೂಕೆನ್‌ಹಾಫ್‌ನ ಟ್ಯೂಲಿಪ್ ತೋಟದ ಚಿತ್ರ ಬಂತು. 'ನಾವಿಲ್ಲಿ ಬಿಂದಿಗೆ ಹಿಡ್ಕೊಂಡು ನಿಂತಿದೀವಿ, ಅವಳು ಹೂದೋಟದಲ್ಲಿ ಓಡಾಡ್ತಾ ಇದಾಳೆ' ಎಂದರು ಮನೆಯ ಹಿರಿಯರು. ಎಂಟು ವರ್ಷದ ಮಗನ ಪ್ರಶ್ನೆ ಇನ್ನೂ ನೇರವಾಗಿತ್ತು: 'ಅಮ್ಮ ನಮ್ಮನ್ನ ಬಿಟ್ಟು ಟೂರ್ ಹೋಗಿದಾಳಾ?'

ಇಲ್ಲಿರುವುದು ಕೇವಲ ತಪ್ಪು ತಿಳಿವಳಿಕೆಯಲ್ಲ. ಇಗರ್ಜಿಯ ಮುಂದೆ ನಿಂತ ಅಪ್ಪನನ್ನು ನೋಡಿ 'ಎಷ್ಟು ಕಷ್ಟಪಟ್ಟು ಮೇಲೆ ಬಂದ' ಎನ್ನುವ ಸಮಾಜವೇ ಹೂದೋಟದಲ್ಲಿ ನಿಂತ ಅಮ್ಮನನ್ನು ನೋಡಿ 'ಮಗುವನ್ನು ಬಿಟ್ಟು ಹೋದಳು' ಎನ್ನುತ್ತದೆ. ದುಡಿಮೆ ಕಾಣದ ಚಿತ್ರದಲ್ಲಿ ನೋಡುವವರು ತಮ್ಮ ಪೂರ್ವಗ್ರಹವನ್ನೇ ಕಾಣುತ್ತಾರೆ. ಅದಕ್ಕೆ ತೆರಬೇಕಾದ ಬೆಲೆ ತಾಯಂದಿರ ಪಾಲಿಗೆ ಹೆಚ್ಚು.

ಹಾಗೆಂದು ಕಳುಹಿಸುವವರನ್ನು ದೂರುವಂತಿಲ್ಲ. ದೂರದಲ್ಲಿರುವವರು ನಗುಮುಖದ ಚಿತ್ರವನ್ನೇ ಆರಿಸುವುದು ಮನೆಯವರು ಕೊರಗದಿರಲಿ ಎಂಬ ಪ್ರೀತಿಯಿಂದ. ಆದರೆ ಆ ಪ್ರೀತಿ ಅರ್ಧ ಸತ್ಯವನ್ನಷ್ಟೇ ತಲುಪಿಸುತ್ತದೆ. ಕನ್ನಡದಲ್ಲಿ ಪ್ರವಾಸ ಕಥನದ ದೊಡ್ಡ ಪರಂಪರೆಯೇ ಇದೆ. 'ಅಮೆರಿಕದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಸಂದಿತು. ಬರೆಯಲು ಕುಳಿತವರು ಚಳಿ, ಊಟ, ಮುಜುಗರ ಎಲ್ಲವನ್ನೂ ಹೇಳಲೇಬೇಕಾಗುತ್ತದೆ. ಫೋಟೊಗೆ ಆ ಹಂಗಿಲ್ಲ.

ಆದ್ದರಿಂದ ಕಾರ್ಖಾನೆಯೊಳಗಿನ ಚಿತ್ರ ಸಾಧ್ಯವಿಲ್ಲದಿದ್ದರೆ ಬೆಳಗಿನ ಆರು ಗಂಟೆಯ ಬಸ್ ನಿಲ್ದಾಣದ, ಸೀದುಹೋದ ಅನ್ನದ ಚಿತ್ರವನ್ನಾದರೂ ಕಳುಹಿಸಲಿ. ಹೂದೋಟದ ಚಿತ್ರದ ಕೆಳಗೆ ಆ ವಾರ ಮಾಡಿದ ಕೆಲಸದ ಬಗ್ಗೆ ಎರಡು ಸಾಲು ಬರೆಯಲಿ. ಮನೆಯಲ್ಲಿರುವವರೂ 'ಎಲ್ಲಿಗೆ ಹೋಗಿದ್ದೆ?' ಎಂದಷ್ಟೇ ಕೇಳದೆ 'ಇವತ್ತು ಏನು ಕೆಲಸ ಮಾಡಿದೆ?' ಎಂದೂ ಕೇಳಲಿ. ತಂದೆತಾಯಿ ನೋಡಿದ ಊರುಗಳನ್ನು ಮಕ್ಕಳು ಮುಂದೊಂದು ದಿನ ತಾವೇ ನೋಡಬಹುದು. ಅವರು ದುಡಿದ ದಿನಗಳನ್ನು ಮಾತ್ರ ಅವರೇ ಹೇಳಬೇಕು.