ಗಣಕಯಂತ್ರದಲ್ಲಿ ಮೋಡಗಳನ್ನು ರಚಿಸುವ ಕ್ರಮ

ಈ ಸ್ಮರಣ ಸಂಚಿಕೆಯ ಮುಖಪತ್ರದಲ್ಲಿರುವ ನಮ್ಮ ಪಾಠಶಾಲೆಯ ಚಿತ್ರವನ್ನು ವಾಚಕರು ಈಗಾಗಲೇ ನೋಡಿರುವರಷ್ಟೆ. ಕಟ್ಟಡವೂ ಗಂಟೆಯ ಗೋಪುರವೂ ಅಂಗಳದ ಹುಣಿಸೆಯ ಮರವೂ ಇದ್ದುದಿದ್ದಂತೆಯೇ ಇವೆ. ಅವುಗಳ ಮೇಲಣ ಆಕಾಶವನ್ನು ಮಾತ್ರ ನಮ್ಮ ಹುಡುಗಿಯರು ಗಣಕಯಂತ್ರದಲ್ಲಿ ರಚಿಸಿದರು. ಏಪ್ರಿಲ್ ತಿಂಗಳ ನಡುಹಗಲಲ್ಲಿ ತೆಗೆದ ಛಾಯಾಚಿತ್ರವಾದುದರಿಂದ ಆಕಾಶವು ಸುಣ್ಣ ಬಳಿದ ಗೋಡೆಯಂತೆ ಬರಿದಾಗಿತ್ತು. ಬೇರೊಂದು ಚಿತ್ರದಿಂದ ಮೋಡಗಳನ್ನು ಕತ್ತರಿಸಿ ಅಂಟಿಸಬಹುದೆಂದು ಕೆಲವರು ಸೂಚಿಸಿದರು. ಪರರ ಆಕಾಶವನ್ನು ಕದ್ದು ತರುವುದಕ್ಕಿಂತ ಸ್ವಂತವಾಗಿ ಒಂದನ್ನು ಮಾಡಿಕೊಳ್ಳುವುದೇ ಲೇಸೆಂದು ನಮಗೆ ತೋರಿತು. ಮಾಡಿದ ಬಗೆಯನ್ನು ತಾಯಂದಿರು ಕೆಲವರು ವಿಚಾರಿಸಿದ ಕಾರಣ ಇಲ್ಲಿ ವಿವರಿಸುತ್ತೇವೆ.

ನಾವು ಉಪಯೋಗಿಸಿದ ತಂತ್ರಾಂಶಕ್ಕೆ ಗಿಂಪ್ ಎಂದು ಹೆಸರು. 1995ರಲ್ಲಿ ಅಮೇರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದನ್ನು ಆರಂಭಿಸಿದರು. ಇದಕ್ಕೆ ಕ್ರಯವಿಲ್ಲ, ನಮ್ಮಂಥ ಶಾಲೆಗಳಿಗೆ ಇದು ಸಣ್ಣ ಸಂಗತಿಯಲ್ಲ.

ಯಂತ್ರವು ಮೋಡವನ್ನು ಹೇಗೆ ಬರೆಯುತ್ತದೆಂಬುದೇ ಇದರಲ್ಲಿ ಸ್ವಾರಸ್ಯವಾದ ಭಾಗ. ಒಂದೊಂದು ಚುಕ್ಕೆಗೂ ಮನಬಂದ ಬೆಳಕನ್ನು ಕೊಟ್ಟರೆ ಮೋಡವಾಗದು, ಮರಳು ಚೆಲ್ಲಿದಂತಾಗುವುದು. ಯಾಕಂದರೆ ಮೋಡದಲ್ಲಿ ಪ್ರತಿಯೊಂದು ಚುಕ್ಕೆಯೂ ತನ್ನ ನೆರೆಯ ಚುಕ್ಕೆಯೊಡನೆ ಸಂಬಂಧವುಳ್ಳದ್ದು. ಕೆನ್ ಪರ್ಲಿನ್ ಎಂಬವರು 1983ರಲ್ಲಿ ಇದಕ್ಕೊಂದು ಉಪಾಯವನ್ನು ಕಂಡುಹಿಡಿದರು. ಚೌಕುಳಿ ಬಲೆಯೊಂದನ್ನು ಕಲ್ಪಿಸಿ, ಅದರ ಗಂಟುಗಳಲ್ಲಿ ಮಾತ್ರ ಮನಬಂದ ಏರಿಳಿತಗಳನ್ನಿಟ್ಟು, ನಡುವಣ ಸ್ಥಳವನ್ನು ನಯವಾಗಿ ತುಂಬುವುದು; ಆಮೇಲೆ ಬಲೆಯ ಕಣ್ಣುಗಳನ್ನು ಅರ್ಧಕ್ಕೆ ಇಳಿಸಿ, ಏರಿಳಿತದ ಬಲವನ್ನೂ ಅರ್ಧಮಾಡಿ, ಮೊದಲಿನದಕ್ಕೆ ಕೂಡಿಸುವುದು; ಹೀಗೆ ಕೆಲವು ಸಾರಿ. ದೊಡ್ಡ ಉಬ್ಬಿನ ಮೇಲೆ ಸಣ್ಣ ಉಬ್ಬು, ಅದರ ಮೇಲೆ ಇನ್ನೂ ಸಣ್ಣದು. ನಿಜವಾದ ಮೋಡದ ರೂಪವೂ ಹೀಗೆಯೇ ಇರುವುದಲ್ಲವೆ? ಈ ಕೆಲಸಕ್ಕಾಗಿ 1997ರಲ್ಲಿ ಅಮೇರಿಕದ ಚಲನಚಿತ್ರ ಅಕಾಡೆಮಿಯು ಅವರಿಗೆ ತಾಂತ್ರಿಕ ಪ್ರಶಸ್ತಿಯನ್ನಿತ್ತಿತು.

ಇನ್ನು ಕೆಲಸದ ಕ್ರಮ. ಮೊದಲು ಹೊಸ ಹಾಳೆಯೊಂದನ್ನು ತೆರೆದು, ಮೇಲೆ ಗಾಢವಾಗಿಯೂ ಕೆಳಗೆ ತಿಳಿಯಾಗಿಯೂ ಇರುವಂತೆ ನೀಲಿಯನ್ನು ತುಂಬತಕ್ಕದ್ದು. ದಿಗಂತದ ಕಡೆಯ ಬೆಳಕು ಹೆಚ್ಚು ಗಾಳಿಯನ್ನು ಹಾದು ಬರುವುದರಿಂದ ಅಲ್ಲಿ ನೀಲಿ ಮಾಸುತ್ತದೆ. ಅದರ ಮೇಲೆ ಹೊಸ ಪದರವನ್ನಿಟ್ಟು ಫಿಲ್ಟರ್ಸ್, ರೆಂಡರ್, ನಾಯ್ಸ್ ಎಂಬವುಗಳ ಮೂಲಕ ಸಾಲಿಡ್ ನಾಯ್ಸ್ ಎಂಬುದನ್ನು ಆರಿಸಿದರೆ ಬೂದುಬಣ್ಣದ ಮಬ್ಬು ತುಂಬುತ್ತದೆ. ಡೀಟೇಲ್ ಎಂಬ ಅಂಕೆಯನ್ನು ಹೆಚ್ಚಿಸಿದಷ್ಟೂ ಅಂಚುಗಳು ಕುಸುರಿಯಾಗುವುವು. ಪದರದ ರೀತಿಯನ್ನು ಸ್ಕ್ರೀನ್ ಎಂದು ಬದಲಿಸಿದರೆ ಕಪ್ಪು ಮಾಯವಾಗಿ ಬಿಳುಪು ಉಳಿಯುತ್ತದೆ. ಲೆವೆಲ್ಸ್ ಎಂಬಲ್ಲಿ ಕಪ್ಪಿನ ಮೊಳೆಯನ್ನು ಬಲಕ್ಕೆ ಸರಿಸಲು, ಮಬ್ಬು ಒಡೆದು ಅಲ್ಲಲ್ಲಿ ನೀಲಿ ಕಾಣುವುದು. ಕಡೆಗೆ ಪರ್ಸ್‌ಪೆಕ್ಟಿವ್ ಉಪಕರಣದಿಂದ ಮೇಲಿನ ಎರಡು ಮೂಲೆಗಳನ್ನು ಹೊರಕ್ಕೆ ಎಳೆಯಬೇಕು. ದೂರದ ಮೋಡಗಳು ಚಿಕ್ಕವಾಗಿ ಒತ್ತೊತ್ತಾಗಿ ಕಾಣಬೇಕಷ್ಟೆ. ಇದನ್ನು ಮರೆತವರ ಆಕಾಶವು ಗೋಡೆಗೆ ತೂಗುಹಾಕಿದ ಬಟ್ಟೆಯಂತಿರುತ್ತದೆ.

ಹುಣಿಸೆಯ ಎಲೆಗಳು ನಮ್ಮನ್ನು ಬಹಳ ಕಾಡಿದುವು. ಎಲೆಯೆಲೆಯ ಸುತ್ತಲೂ ಕತ್ತರಿಸಲು ಯಾರಿಂದ ಸಾಧ್ಯ? ಆಕಾಶದ ಪದರಗಳನ್ನು ಒಂದುಗೂಡಿಸಿ, ಚಿತ್ರದ ಮೇಲೆ ಮಲ್ಟಿಪ್ಲೈ ರೀತಿಯಲ್ಲಿಟ್ಟಾಗ, ಬರಿದಾಗಿದ್ದ ಬಿಳುಪಿನಲ್ಲಿ ಮಾತ್ರ ಆಕಾಶವು ಸ್ಪಷ್ಟವಾಗಿ ಮೂಡಿ ಎಲೆಗಳು ಕಪ್ಪಾಗಿಯೇ ಉಳಿದುವು. ಕಟ್ಟಡವನ್ನು ಮಾತ್ರ ಮುಸುಕಿನಿಂದ ಕಾಪಾಡಿದೆವು.

ಆದರೂ ಮೊದಲನೆಯ ಚಿತ್ರದಲ್ಲಿ ಏನೋ ಸುಳ್ಳು ಕಾಣುತ್ತಿತ್ತು. ನಾವೂ ಬಹಳ ಹೊತ್ತು ಗುರುತಿಸಲಾರದೆ ಹೋದೆವು. ಸೂರಿನ ನೆರಳು ನೇರವಾಗಿ ಕೆಳಕ್ಕೆ ಬಿದ್ದಿತ್ತು. ಹುಡುಗಿಯರು ಕುಂಚದಿಂದ ತಿದ್ದಿದ್ದ ಮೋಡಗಳೋ ಸಾಯಂಕಾಲದವುಗಳಂತೆ ಎಡಮಗ್ಗುಲಿನಿಂದ ಬೆಳಗುತ್ತಿದ್ದುವು. ಅಂದಿನಿಂದ ನಾಲ್ಕು ದಿನ ಯಂತ್ರವನ್ನು ಮುಚ್ಚಿಸಿ, ಸೀಸದಕಡ್ಡಿ ಕಾಗದಗಳೊಡನೆ ಅವರನ್ನು ಅಂಗಳಕ್ಕೆ ಕಳುಹಿದೆವು. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821 ಮತ್ತು 1822ರಲ್ಲಿ ಹ್ಯಾಂಪ್‌ಸ್ಟೆಡ್ಡಿನ ಬಯಲಿನಲ್ಲಿ ಮೋಡಗಳನ್ನು ಬರೆದು, ಅನೇಕ ಚಿತ್ರಗಳ ಹಿಂಬದಿಯಲ್ಲಿ ದಿನವನ್ನೂ ವೇಳೆಯನ್ನೂ ಗಾಳಿಯನ್ನೂ ಗುರುತಿಸಿಟ್ಟಿದ್ದನು. ನಮ್ಮವರೂ ಹಾಗೆಯೇ ಮಾಡಿದರು. ಅರಳೆಯ ರಾಶಿಯಂಥ ಮೋಡಗಳ ತಳವು ಚಪ್ಪಟೆಯಾಗಿಯೂ ಕಪ್ಪಾಗಿಯೂ ಇರುವುದನ್ನು ಆಗ ಕಂಡರು. ಏರುವ ಆವಿಯು ಒಂದು ನಿಶ್ಚಿತ ಎತ್ತರದಲ್ಲಿ ತಣಿದು ಹನಿಗಟ್ಟುವುದೇ ಇದಕ್ಕೆ ಕಾರಣ. ಎರಡನೆಯ ಚಿತ್ರದಲ್ಲಿ ಬೆಳಕು ನೆತ್ತಿಯಿಂದ ಬಿದ್ದಿದೆ.

ಆಕಾಶವು ರಚಿತವಾದುದೆಂದು ಮುಖಪತ್ರದ ಹಿಂಬದಿಯಲ್ಲಿ ಒಂದು ಸಾಲನ್ನು ಅಚ್ಚುಮಾಡಿಸಿದ್ದೇವೆ. ಹೇಳದಿದ್ದರೆ ಯಾರಿಗೂ ತಿಳಿಯದು, ಹೇಳಿ ಚಿತ್ರವನ್ನೇಕೆ ಕೆಡಿಸಬೇಕೆಂದು ಹಿತೈಷಿಗಳು ಆಕ್ಷೇಪಿಸಿದರು. ಯಾರಿಗೂ ತಿಳಿಯದೆಂಬುದೇ ನಮ್ಮನ್ನು ಚಿಂತೆಗೀಡುಮಾಡಿತು. ಈ ಸಂಚಿಕೆಯನ್ನು ಮೊಮ್ಮಕ್ಕಳಿಗೆ ತೋರಿಸುವವರು ಆ ದಿನ ಮೋಡ ಕವಿದಿತ್ತೆಂದು ಹೇಳುವಂತಾಗಬಾರದು. ಮೋಡದ ಬೀಜಸಂಖ್ಯೆಯನ್ನೂ ಅಳತೆಗಳನ್ನೂ ಅಲ್ಲಿಯೇ ಕೊಟ್ಟಿದೆ. ಅವನ್ನೇ ಹಾಕಿದವರಿಗೆ ಗಿಂಪ್ ಅದೇ ಮಬ್ಬನ್ನು ಪುನಃ ಕೊಡುವುದು. ಮರದ ಬಲಕ್ಕಿರುವ ಅಂಗೈಯಗಲದ ಮೋಡವೊಂದು ಮಾತ್ರ ಹಾಗೆ ಬರಲಾರದು. ಅದನ್ನು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎಲೀಯನ ಕಥೆಯನ್ನು ನೆನೆದು ಕೈಯಾರೆ ಬರೆದಳು.