ವ್ಯಾಯಾಮದ ಸೈಕಲ್ ಸದ್ದು ಮಾಡುತ್ತಿದೆಯೆ? ಎಣ್ಣೆ ಬಿಡುವ ಮೊದಲು ಕಿವಿಗೊಡಿ

ಮನೆಯ ಮೂಲೆಯಲ್ಲಿ ಸದ್ದಿಲ್ಲದೆ ತಿರುಗುತ್ತಿದ್ದ ವ್ಯಾಯಾಮದ ಸೈಕಲ್ ಒಂದು ದಿನ ಇದ್ದಕ್ಕಿದ್ದಂತೆ 'ಕಟ್ ಕಟ್' ಎನ್ನತೊಡಗುತ್ತದೆ. ಕಂಡಲ್ಲೆಲ್ಲ ಎಣ್ಣೆ ಬಿಟ್ಟು ಸುಮ್ಮನಾಗುವವರೇ ಹೆಚ್ಚು. ಆದರೆ ಪೆಡಲನ್ನು ಹಿಡಿದಿರುವ ತೋಳು, ಅಂದರೆ ಕ್ರ್ಯಾಂಕ್, ಸಡಿಲವಾಗಿದ್ದರೂ ತುಳಿಯುತ್ತಲೇ ಹೋದರೆ ಅದರ ರಂಧ್ರ ಸವೆದುಹೋಗುತ್ತದೆ. ಆಗ ಬೋಲ್ಟ್ ಬಿಗಿಯುವುದರಲ್ಲಿ ಮುಗಿಯಬೇಕಾದ ಕೆಲಸ ಬಿಡಿಭಾಗ ಬದಲಿಸುವ ಖರ್ಚಾಗುತ್ತದೆ. ತುಳಿಯುವಾಗಲೇ ಪೆಡಲ್ ಕಳಚಿ ಕಾಲಿಗೆ ಪೆಟ್ಟಾಗುವ ಅಪಾಯವೂ ಉಂಟು.

ಲಯದಲ್ಲೇ ಗುರುತು

ನಿಧಾನವಾಗಿ ತುಳಿಯುತ್ತ ಆಲಿಸಿ. ಪೆಡಲಿನ ಪ್ರತಿ ಸುತ್ತಿಗೂ ಒಮ್ಮೆ ಸದ್ದು ಬಂದರೆ ದೋಷ ಸಾಮಾನ್ಯವಾಗಿ ಪೆಡಲ್ ಅಥವಾ ಕ್ರ್ಯಾಂಕಿನಲ್ಲಿರುತ್ತದೆ. ಒಂದೇ ಸುತ್ತಿನಲ್ಲಿ ಹಲವು ಬಾರಿ ಕೇಳಿಸಿದರೆ ವೇಗವಾಗಿ ತಿರುಗುವ ಭಾರದ ಚಕ್ರವನ್ನು ಶಂಕಿಸಬೇಕು. ಎದ್ದು ನಿಂತು ತುಳಿದಾಗ ಸದ್ದು ಅಡಗಿದರೆ ಸೀಟಿನ ಕಂಬವೇ ಕಾರಣ. ಬಿಗಿ ಹೆಚ್ಚಿಸಿದಾಗ ಮಾತ್ರ ಉಜ್ಜಿದಂತೆ ಕೇಳಿಸಿದರೆ ಬ್ರೇಕ್ ಪ್ಯಾಡನ್ನೂ, ಜೋರಾಗಿ ತುಳಿದಾಗ ಕೀರಲು ಸದ್ದಿನೊಂದಿಗೆ ಪೆಡಲ್ ಜಾರಿದಂತಾದರೆ ಬೆಲ್ಟನ್ನೂ ಪರೀಕ್ಷಿಸಿ.

ಎಡ ಪೆಡಲಿನ ಗುಟ್ಟು

ಬಲ ಪೆಡಲ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಬಿಗಿಯಾಗುತ್ತದೆ. ಎಡ ಪೆಡಲಿನ ಮರೆ ತಿರುವುಮುರುವು: ವಿರುದ್ಧ ದಿಕ್ಕಿನಲ್ಲಿ ತಿರುಗಿಸಿದರಷ್ಟೇ ಬಿಗಿಯಾಗುತ್ತದೆ. ಇದನ್ನರಿಯದೆ ಬಲ ಹಾಕಿ ಸಡಿಲಿಸುವವರು ಅನೇಕರು. ಪೆಡಲನ್ನು ಕಳಚಿ, ಮರೆಯನ್ನು ಒರೆಸಿ, ತೆಳುವಾಗಿ ಗ್ರೀಸ್ ಸವರಿ, ಮೊದಲು ಕೈಯಿಂದಲೇ ತಿರುಗಿಸಿ ನಂತರ ಸ್ಪ್ಯಾನರಿನಿಂದ ಬಿಗಿಯಿರಿ. ಹೆಚ್ಚಿನ ಪೆಡಲುಗಳಿಗೆ 15 ಮಿ.ಮೀ. ಸ್ಪ್ಯಾನರ್ ಹೊಂದುತ್ತದೆ. ಕ್ರ್ಯಾಂಕಿನ ಬೋಲ್ಟ್ ಸಾಮಾನ್ಯವಾಗಿ ಪ್ಲಾಸ್ಟಿಕ್ ಮುಚ್ಚಳದಡಿ ಇರುತ್ತದೆ, ಅದನ್ನೂ ಬಿಗಿಯಿರಿ.

ಸೀಟಿನ ಕಂಬವನ್ನು ಹೊರತೆಗೆದು ಬೆವರು, ಧೂಳು ಒರೆಸಿ ಮತ್ತೆ ಕೂರಿಸಿದರೆ ಕಿರುಗುಟ್ಟುವಿಕೆ ಬಹುಪಾಲು ನಿಲ್ಲುತ್ತದೆ. ನಾಲ್ಕೂ ಪಾದಗಳು ನೆಲಕ್ಕೆ ಸಮನಾಗಿ ತಾಗುವಂತೆ ಸರಿಪಡಿಸಿ. ಅಡಿಗೆ ರಬ್ಬರ್ ಚಾಪೆ ಹಾಸಿದರೆ ಕೆಳಮನೆಯವರಿಗೂ ನೆಮ್ಮದಿ.

ಎಚ್ಚರವಿರಲಿ

ಬೆಲ್ಟಿಗೆ ಎಣ್ಣೆ ತಾಗಕೂಡದು. ಕೈಪಿಡಿಯಲ್ಲಿ ಹೇಳಿರದ ಹೊರತು ಬ್ರೇಕ್ ಪ್ಯಾಡಿಗೂ ಹಚ್ಚಬೇಡಿ, ಹಿಡಿತ ತಪ್ಪೀತು. ಹಲವು ಸೈಕಲ್‌ಗಳಲ್ಲಿ ಕಾಲು ನಿಲ್ಲಿಸಿದರೂ ಚಕ್ರ ಪೆಡಲನ್ನು ತಿರುಗಿಸುತ್ತಲೇ ಇರುತ್ತದೆ. ಚಕ್ರ ಪೂರ್ಣ ನಿಂತ ಮೇಲೆ, ವಿದ್ಯುತ್ ಸಂಪರ್ಕವಿದ್ದರೆ ಪ್ಲಗ್ ತೆಗೆದು, ಮುಚ್ಚಳಕ್ಕೆ ಕೈಹಾಕಿ. ಮಕ್ಕಳು ಹತ್ತಿರ ಸುಳಿಯದಿರಲಿ.

ಇಷ್ಟಾದರೂ 'ಗರಗರ' ನಿಲ್ಲದಿದ್ದರೆ ಬೇರಿಂಗ್ ಸವೆದಿರಬಹುದು. ವಾರಂಟಿ ಅವಧಿ ಮುಗಿದಿಲ್ಲವಾದರೆ ತಾವೇ ಬಿಚ್ಚದೆ ಕಂಪನಿಯ ಮೆಕ್ಯಾನಿಕ್‌ನನ್ನು ಕರೆಸುವುದೇ ಲೇಸು. ಸದ್ದು ಯಾವಾಗ, ಎಷ್ಟು ಬಾರಿ ಬರುತ್ತದೆಂದು ಅವರಿಗೆ ವಿವರಿಸಿದರೆ ಅರ್ಧ ಕೆಲಸ ಮುಗಿದಂತೆಯೇ.