ಹಾಳೆಯಲ್ಲಿ ಇಲ್ಲದ ಕನಸು

1963ರ ಆಗಸ್ಟ್ 28ರ ಮಧ್ಯಾಹ್ನ ವಾಷಿಂಗ್ಟನ್‌ನ ಲಿಂಕನ್ ಸ್ಮಾರಕದ ಮುಂದೆ ನಾಗರಿಕ ಹಕ್ಕುಗಳಿಗಾಗಿ ಮೆರವಣಿಗೆಯಲ್ಲಿ ಬಂದ ಸುಮಾರು ಎರಡೂವರೆ ಲಕ್ಷ ಜನ ಸೇರಿದ್ದರು. ಮಾತಿಗೆ ನಿಂತ ಮಾರ್ಟಿನ್ ಲೂಥರ್ ಕಿಂಗ್ ಅವರ ಕೈಯಲ್ಲಿ ಬೆರಳಚ್ಚು ಮಾಡಿಸಿದ ಹಾಳೆಗಳಿದ್ದವು. ಜಗತ್ತು ಇಂದು ಆ ಭಾಷಣವನ್ನು ‘ನನಗೊಂದು ಕನಸಿದೆ’ ಎಂದೇ ಕರೆಯುತ್ತದೆ. ಆದರೆ ಆ ಹಾಳೆಗಳಲ್ಲಿ ಕನಸಿನ ಮಾತೇ ಇರಲಿಲ್ಲ.

ಕನಸು ಹುಟ್ಟಿದ್ದು ಆ ವೇದಿಕೆಯ ಮೇಲಲ್ಲ. 1962ರ ನವೆಂಬರ್ 27ರಂದು ಉತ್ತರ ಕೆರೊಲಿನಾದ ರಾಕಿ ಮೌಂಟ್ ಎಂಬ ಊರಿನ ಶಾಲೆಯೊಂದರ ವ್ಯಾಯಾಮ ಮಂದಿರದಲ್ಲಿ ಕಿಂಗ್ ಅದೇ ಪಲ್ಲವಿಯನ್ನು ಹೇಳಿದ್ದರು. ಅದರ ಧ್ವನಿಮುದ್ರಣ ಊರಿನ ಗ್ರಂಥಾಲಯದಲ್ಲಿ ಸಿಕ್ಕಿ, 2015ರಲ್ಲಿ ಎಲ್ಲರ ಕಿವಿಗೂ ಬಿತ್ತು. 1963ರ ಜೂನ್ 23ರಂದು ಡೆಟ್ರಾಯಿಟ್‌ನ ಮಹಾ ಮೆರವಣಿಗೆಯ ನಂತರವೂ ಅವರು ಕನಸಿನ ಮಾತಾಡಿದ್ದರು. ಇನ್ನೂ ಹಿಂದಕ್ಕೆ ಹೋದರೆ ಪ್ರಾತಿಯಾ ಹಾಲ್ ಎಂಬ ತರುಣಿ ಎದುರಾಗುತ್ತಾಳೆ. 1962ರ ಸೆಪ್ಟೆಂಬರಿನಲ್ಲಿ ಜಾರ್ಜಿಯಾದಲ್ಲಿ ದುಷ್ಕರ್ಮಿಗಳು ಸುಟ್ಟುಹಾಕಿದ ಚರ್ಚೊಂದರ ಬಳಿ ನಡೆದ ಪ್ರಾರ್ಥನೆಯಲ್ಲಿ ಈಕೆ ಕನಸಿನ ಸೊಲ್ಲನ್ನು ಮತ್ತೆ ಮತ್ತೆ ನುಡಿದಳು, ಕಿಂಗ್ ಅದನ್ನು ಕೇಳಿಸಿಕೊಂಡರು ಎಂದು ಅವರ ಒಡನಾಡಿ ಜೇಮ್ಸ್ ಬೆವೆಲ್ ನೆನೆದಿದ್ದಾರೆ. ದೊಡ್ಡ ಮಾತುಗಾರ ಮೊದಲು ಒಳ್ಳೆಯ ಕೇಳುಗನಾಗಿದ್ದ.

ಭಾಷಣದ ಮೊದಲ ಭಾಗದ ಕಥೆ ಬೇರೆ. ಅದರ ಕರಡಿನಲ್ಲಿ ಕಿಂಗ್ ಅವರ ವಕೀಲ ಕ್ಲಾರೆನ್ಸ್ ಜೋನ್ಸ್ ಅವರ ಪಾಲಿತ್ತು. ಆ ವರ್ಷದ ವಸಂತದಲ್ಲಿ ಬರ್ಮಿಂಗ್‌ಹ್ಯಾಮ್‌ನ ಸತ್ಯಾಗ್ರಹಿಗಳು ಜೈಲು ಸೇರಿದ್ದರು, ಜಾಮೀನಿಗೆ ಕಾಸಿರಲಿಲ್ಲ. ನ್ಯೂಯಾರ್ಕಿನ ಗವರ್ನರ್ ನೆಲ್ಸನ್ ರಾಕ್‌ಫೆಲರ್ ನೆರವಿಗೆ ಬಂದರು. ಬ್ಯಾಂಕಿನ ತಿಜೋರಿಯ ಎದುರು ಒಂದು ಲಕ್ಷ ಡಾಲರ್ ಪಡೆಯುವಾಗ ಜೋನ್ಸ್ ಪ್ರೋನೋಟಿಗೆ ಸಹಿ ಹಾಕಬೇಕಾಯಿತು. ಅಮೆರಿಕ ತನ್ನ ಕಪ್ಪು ಪ್ರಜೆಗಳಿಗೆ ಬರೆದುಕೊಟ್ಟ ಪ್ರೋನೋಟನ್ನು ತೀರಿಸಿಲ್ಲ, ಕೊಟ್ಟ ಚೆಕ್ ಬೌನ್ಸ್ ಆಗಿದೆ ಎಂಬ ಭಾಷಣದ ರೂಪಕಕ್ಕೆ ಆ ಅನುಭವವೇ ಬೇರು ಎಂದು ಜೋನ್ಸ್ ಮುಂದೆ ಬರೆದರು. ಸಾಲ, ಚೆಕ್ಕು, ಖಾಲಿ ಖಾತೆ: ಸಂವಿಧಾನದ ತತ್ವವನ್ನು ಕಿಂಗ್ ಬಡವನಿಗೂ ಗೊತ್ತಿರುವ ಲೆಕ್ಕದಲ್ಲಿ ಹೇಳಿದರು.

ಭಾಷಣದ ಹಿಂದಿನ ಸಂಜೆ ವಿಲ್ಲರ್ಡ್ ಹೋಟೆಲಿನಲ್ಲಿ ಸಲಹೆಗಾರರು ಕೂಡಿದಾಗ ವ್ಯಾಟ್ ವಾಕರ್ ಕನಸಿನ ಭಾಗ ಬೇಡವೆಂದರು. ಅದು ಸವಕಲಾಗಿದೆ, ಎಷ್ಟು ಸಲ ಹೇಳಿದ್ದೀರಿ ಎಂಬುದು ಅವರ ಆಕ್ಷೇಪ. ಕಿಂಗ್ ಎಲ್ಲರ ಮಾತನ್ನೂ ಕೇಳಿ, ಕೋಣೆಗೆ ಹೋಗಿ ತಡರಾತ್ರಿವರೆಗೆ ತಿದ್ದಿದರು.

ಮರುದಿನದ ವೇದಿಕೆಗೂ ಹಲವರ ಬೆವರು ಹರಿದಿತ್ತು. ಇಂಥದೊಂದು ಮೆರವಣಿಗೆಯನ್ನು ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್ 1941ರಲ್ಲೇ ಯೋಜಿಸಿದ್ದರು. 1963ರಲ್ಲಿ ಏರ್ಪಾಡಿನ ಹೊಣೆ ಹೊತ್ತವರು ಬೇಯಾರ್ಡ್ ರಸ್ಟಿನ್. ಕೊನೆಯ ಸಾಲಿನವರಿಗೂ ಮಾತು ಕೇಳಿಸಲೇಬೇಕು, ಕೇಳಿಸದಿದ್ದರೆ ಜನ ಶಾಂತವಾಗಿರುವುದಿಲ್ಲ ಎಂದು ಹಟ ಹಿಡಿದು ದುಬಾರಿ ಧ್ವನಿವರ್ಧಕ ಹಾಕಿಸಿದರು. ಹಿಂದಿನ ದಿನ ಯಾರೋ ಅದನ್ನು ಕೆಡಿಸಿಬಿಟ್ಟರು. ಸರ್ಕಾರದ ಬಾಗಿಲು ತಟ್ಟಿದ ಮೇಲೆ ಸೇನೆಯ ಸಿಗ್ನಲ್ ವಿಭಾಗದವರು ರಾತ್ರೋರಾತ್ರಿ ದುರಸ್ತಿ ಮಾಡಿಕೊಟ್ಟರು. ಆ ದುರಸ್ತಿ ಆಗದಿದ್ದರೆ ಚರಿತ್ರೆಯ ಆ ಮಾತು ಮುಂದಿನ ಕೆಲವು ಸಾಲುಗಳಿಗಷ್ಟೇ ಕೇಳಿಸುತ್ತಿತ್ತು.

ಕಿಂಗ್ ಹಾಳೆ ನೋಡಿಕೊಂಡೇ ಮಾತು ಶುರು ಮಾಡಿದರು. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಅಷ್ಟರಲ್ಲಿ ಹತ್ತಿರವೇ ಇದ್ದ ಗಾಯಕಿ ಮಹೇಲಿಯಾ ಜಾಕ್ಸನ್, ಕನಸಿನ ಬಗ್ಗೆ ಹೇಳು ಮಾರ್ಟಿನ್ ಎಂದು ಕೂಗಿದರು. ಕಿಂಗ್ ಹಾಳೆಗಳನ್ನು ಬದಿಗೆ ಸರಿಸಿದರು. ಅಲ್ಲಿಂದ ಮುಂದೆ ಅವರು ಓದಲಿಲ್ಲ, ಚರ್ಚಿನಲ್ಲಿ ಬೋಧಿಸುವಂತೆ ನುಡಿದರು.

ಈ ತಿರುವನ್ನು ಆಶುಭಾಷಣದ ಪವಾಡ ಎಂದು ಕೊಂಡಾಡುವವರು ಬಹಳ. ನಿಜಕ್ಕೂ ಇಲ್ಲಿ ಕಲಿಯಬೇಕಾದದ್ದು ಬೇರೆಯೇ ಇದೆ. ಊರೂರು ಅಲೆದು ಹೇಳಿ ಹೇಳಿ ಹದಗೊಂಡ ಮಾತು ನಾಲಿಗೆಯ ತುದಿಯಲ್ಲೇ ಇದ್ದದ್ದರಿಂದ ಹಾಳೆ ಬಿಡುವ ಧೈರ್ಯ ಬಂತು. ಸಲಹೆಗಾರನಿಗೆ ಸವಕಲೆನಿಸಿದ್ದು ಅದನ್ನು ಮೊದಲ ಸಲ ಕೇಳಿದ ಲಕ್ಷಾಂತರ ಜನಕ್ಕೆ ಹೊಸದಾಗಿತ್ತು. ಸಿದ್ಧತೆ ಎಷ್ಟೇ ಇರಲಿ, ಬೆನ್ನ ಹಿಂದಿನ ಗೆಳತಿಯ ದನಿಗೆ ಓಗೊಡುವ ಮನಸ್ಸೂ ಅವರಿಗಿತ್ತು.

ಭಾಷಣ ಮುಗಿದಾಗ ಪಕ್ಕದಲ್ಲಿ ಕಾವಲಿಗೆ ನಿಂತಿದ್ದ 26ರ ಹರೆಯದ ಬಾಸ್ಕೆಟ್‌ಬಾಲ್ ಆಟಗಾರ ಜಾರ್ಜ್ ರಾವೆಲಿಂಗ್ ಆ ಹಾಳೆಗಳನ್ನು ಕೇಳಿದರು. ಕಿಂಗ್ ಕೊಟ್ಟುಬಿಟ್ಟರು. ದಶಕಗಳ ಕಾಲ ಕಾಪಾಡಿಕೊಂಡು ಬಂದ ರಾವೆಲಿಂಗ್, 2021ರಲ್ಲಿ ಅವನ್ನು ತಾವು ಓದಿದ ವಿಲನೋವಾ ವಿಶ್ವವಿದ್ಯಾಲಯದ ಸುಪರ್ದಿಗೆ ಒಪ್ಪಿಸಿದರು.

ಚಪ್ಪಾಳೆಯಿಂದ ಏನೂ ಬದಲಾಗಿರಲಿಲ್ಲ. ಹದಿನೆಂಟೇ ದಿನಗಳಲ್ಲಿ, ಸೆಪ್ಟೆಂಬರ್ 15ರ ಭಾನುವಾರ, ಬರ್ಮಿಂಗ್‌ಹ್ಯಾಮ್‌ನ ಚರ್ಚೊಂದರಲ್ಲಿ ಬಾಂಬ್ ಸಿಡಿದು ನಾಲ್ವರು ಹುಡುಗಿಯರು ಸತ್ತರು. ಅವರಲ್ಲಿ ಮೂವರ ಅಂತ್ಯಸಂಸ್ಕಾರದಲ್ಲಿ ಕಿಂಗ್ ಮತ್ತೆ ಮಾತಿಗೆ ನಿಲ್ಲಬೇಕಾಯಿತು. ಚಳವಳಿ ನಿಲ್ಲಲಿಲ್ಲ. 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಮತದಾನದ ಹಕ್ಕಿನ ಕಾಯ್ದೆಗಾಗಿ ಸೆಲ್ಮಾ ಪಟ್ಟಣದ ಸೇತುವೆಯ ಮೇಲೆ ಲಾಠಿಯ ಏಟು ತಿಂದು, ಮತ್ತೆ ನಡೆದು, 1965ರ ಆಗಸ್ಟ್ 6ರವರೆಗೆ ಕಾಯಬೇಕಾಯಿತು.